ಉಜ್ಜಿ ತೆಗೆದರೂ ಮತ್ತೆ ಕಟ್ಟುವ ಅಂಗಾಲಿನ ಜಡ್ಡು

ಪ್ರಶ್ನೆ:
ಅಂಗಾಲಿನಲ್ಲಿ, ಎರಡನೇ ಬೆರಳಿನ ಬುಡಕ್ಕೆ ನಾಣ್ಯದಗಲ ಹಳದಿ ಜಡ್ಡು ಕಟ್ಟಿದೆ. ಕಲ್ಲಿನಿಂದ ಉಜ್ಜಿದರೆ ಹೋಗುತ್ತದೆ, ಮೂರು ವಾರಕ್ಕೆ ಮತ್ತೆ ಅಷ್ಟೇ ದಪ್ಪ. ಇದು ಆಣಿಯೋ, ಬರೀ ಜಡ್ಡೋ? ಆಣಿಗೆ ಅಂಟಿಸುವ ಕಾರ್ನ್ ಪ್ಲಾಸ್ಟರ್ ಹಾಕಬಹುದಾ?

ಉತ್ತರ 1:
ಜಾಗ, ಅಗಲ ನೋಡಿದರೆ ಜಡ್ಡೇ ಅನ್ನಿಸುತ್ತದೆ. ಜಡ್ಡಿನ ಅಂಚು ಸ್ಪಷ್ಟವಿರುವುದಿಲ್ಲ, ಚರ್ಮದ ಗೆರೆಗಳು ಅದರ ಮೇಲೂ ಹಾದುಹೋಗಿರುತ್ತವೆ. ಆಣಿ ಚಿಕ್ಕದು, ನಡುವೆ ಗಟ್ಟಿ ತಿರುಳಿದ್ದು, ನೇರವಾಗಿ ಒತ್ತಿದರೆ ಚುಚ್ಚುತ್ತದೆ. ಗೆರೆಗಳು ಅಂಚಿನಲ್ಲೇ ನಿಂತು, ಒಳಗೆ ಕಪ್ಪು ಚುಕ್ಕಿ ಕಂಡು, ಎರಡೂ ಬದಿಯಿಂದ ಹಿಂಡಿದಾಗ ನೋವಾದರೆ ನರಹುಲಿ ಇರಬಹುದು. ಅದು ವೈರಸ್‌ನಿಂದ ಬರುವುದು, ಉಜ್ಜಿದರೆ ಹರಡಬಹುದು.

ಪ್ಲಾಸ್ಟರ್ ಬೇಡ. ಅದರಲ್ಲಿ ಸಾಮಾನ್ಯವಾಗಿ ಶೇ. 40 ಸ್ಯಾಲಿಸಿಲಿಕ್ ಆಸಿಡ್ ಇರುತ್ತದೆ. ಸ್ವಲ್ಪ ಸರಿದರೂ ಪಕ್ಕದ ಒಳ್ಳೆಯ ಚರ್ಮ ಬೆಳ್ಳಗೆ ಮೆತ್ತಗಾಗಿ ಸುಲಿದು ಹುಣ್ಣಾಗುತ್ತದೆ.

ಉತ್ತರ 2:
ಬೆಚ್ಚಗಿನ ನೀರಿನಲ್ಲಿ ಕಾಲನ್ನು 10 ನಿಮಿಷ ನೆನೆಸಿ, ಕಲ್ಲನ್ನೂ ಒದ್ದೆ ಮಾಡಿ ಹಗುರವಾಗಿ ಉಜ್ಜಿ. ಚರ್ಮ ಕೆಂಪಾಗುವ ಮೊದಲೇ ನಿಲ್ಲಿಸಿ, ಒಂದೇ ದಿನ ಪೂರ್ತಿ ತೆಗೆಯುವ ಹಠ ಬೇಡ. ಒರೆಸಿ, ಮಲಗುವಾಗ ಶೇ. 20–25ರ ಯೂರಿಯಾ ಕ್ರೀಮ್ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ. ಬ್ಲೇಡ್ ಮುಟ್ಟಲೇಬೇಡಿ.

ಆದರೆ ಇಷ್ಟರಿಂದ ಅದು ನಿಲ್ಲುವುದಿಲ್ಲ. ಆ ಬೆರಳಿನ ಹಿಂದಿನ ಮೂಳೆಯ ತುದಿಗೆ ಪ್ರತಿ ಹೆಜ್ಜೆಗೂ ಹೆಚ್ಚು ಭಾರ ಬೀಳುತ್ತಿರುತ್ತದೆ. ಚರ್ಮ ದಪ್ಪವಾಗಿ ತನ್ನನ್ನು ಕಾಯ್ದುಕೊಳ್ಳುತ್ತದೆ, ಅಷ್ಟೇ. ತೆಳು ಅಟ್ಟೆ, ಎತ್ತರದ ಹಿಮ್ಮಡಿ, ಇಕ್ಕಟ್ಟಾದ ಮುಂಭಾಗ ಮೂರೂ ತೊಂದರೆಯೇ. ಸಡಿಲ ಚಪ್ಪಲಿಯೂ ಜಾರುತ್ತಾ ತಿಕ್ಕುತ್ತದೆ. ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರುವ ಶೂ ನೋಡಿ. ಒಳಗೆ ಮೆಟಟಾರ್ಸಲ್ ಪ್ಯಾಡ್ (ಬೆರಳುಗಳ ಹಿಂದಿನ ಮೂಳೆಗಳಿಗೆ ಆಸರೆ ಕೊಡುವ ಪುಟ್ಟ ಮೆತ್ತೆ) ಅಂಟಿಸಿ.

ಪ್ರಶ್ನೆ ಕೇಳಿದವರು:
ಪ್ಯಾಡ್ ಜಡ್ಡಿನ ಕೆಳಗೇ ಬರಬೇಕಾ?

ಉತ್ತರ 2:
ಇಲ್ಲ, ಹೆಚ್ಚಿನವರು ತಪ್ಪುವುದು ಇಲ್ಲೇ. ನೇರ ಕೆಳಗೆ ಇಟ್ಟರೆ ಒತ್ತಡ ಇನ್ನೂ ಹೆಚ್ಚುತ್ತದೆ. ಜಡ್ಡಿಗೆ ಲಿಪ್‌ಸ್ಟಿಕ್ ಹಚ್ಚಿ, ಶೂ ಒಳಗಿನ ಅಟ್ಟೆಯ ಮೇಲೆ ನಿಲ್ಲಿ, ಗುರುತು ಬೀಳುತ್ತದೆ. ಆ ಗುರುತಿಗೆ ತುಸು ಹಿಂದೆ, ಹಿಮ್ಮಡಿಯ ಕಡೆಗೆ ಪ್ಯಾಡ್ ಬರಲಿ. ಆಗ ಭಾರವನ್ನು ಮೂಳೆಯ ಹಿಂಭಾಗ ಹೊರುತ್ತದೆ.

ಉತ್ತರ 3:
ಸಕ್ಕರೆ ಕಾಯಿಲೆ ಇದ್ದರೆ, ಪಾದ ಜೋಮು ಹಿಡಿದಂತಿದ್ದರೆ ಅಥವಾ ಕಾಲಿಗೆ ರಕ್ತ ಹರಿಯುವುದು ಕಡಿಮೆಯಿದ್ದರೆ ಮೇಲಿನ ಯಾವುದನ್ನೂ ಮನೆಯಲ್ಲಿ ಮಾಡಬೇಡಿ, ಬಿಸಿನೀರಿನಲ್ಲಿ ನೆನೆಸುವುದನ್ನೂ. ನೋವು ಗೊತ್ತಾಗದೆ ಜಡ್ಡಿನ ಅಡಿಯಲ್ಲೇ ಹುಣ್ಣು ಬೆಳೆಯುತ್ತದೆ. ಒಳಗೆ ಕಂದು ಅಥವಾ ಕಡುಗೆಂಪು ಕಲೆ ಕಂಡರೆ ಅಲ್ಲಿ ರಕ್ತ ಒಸರಿದೆ ಎಂದರ್ಥ. ಅದೇ ದಿನ ವೈದ್ಯರಿಗೆ ತೋರಿಸಿ.