ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಆಟ: ನಿಮ್ಮೂರಲ್ಲಿ ಹೇಗೆ ನಡೆಸ್ತೀರಿ?

ಕೊಪ್ಪಳದ ಹತ್ತಿರದ ಹಳ್ಳಿಯಿಂದ ಕೇಳ್ತಿದ್ದೇನೆ. ಐದರಿಂದ ಎಂಟನೇ ಕ್ಲಾಸಿನ 30 ಮಕ್ಕಳಿದ್ದಾರೆ. ಪಿಇ ಮೇಷ್ಟ್ರು ಇಲ್ಲ. ಎಸ್‌ಡಿಎಂಸಿಯವರು (ಶಾಲೆಯ ಮೇಲುಸ್ತುವಾರಿ ಸಮಿತಿ) ಮೈದಾನ ಬಳಸಿಕೊಳ್ಳಿ ಅಂದಿದ್ದಾರೆ. ಎಲ್ಲಿಂದ ಶುರು ಮಾಡಲಿ?

ರಾಯಚೂರು ಕಡೆಯಿಂದ:
ಆಟದ ಚಿಂತೆ ಆಮೇಲೆ ಮಾಡಿ ಸರ್. ಮಕ್ಕಳು ಮನೆ ಸೇರೋದು ಹೇಗೆ ಅನ್ನೋದನ್ನು ಮೊದಲು ನೋಡಿ. ನಾವು ನವೆಂಬರ್‌ನಲ್ಲಿ ಶುರು ಮಾಡಿದ್ದು. ಮೊದಲ ದಿನ ಆಟದ ಗುಂಗಲ್ಲಿ ಆರೂಕಾಲಾಯಿತು, ಕತ್ತಲು ಬೇರೆ. ಮರುದಿನ ಹೆಣ್ಣುಮಕ್ಕಳು ಒಬ್ಬರೂ ಬರಲಿಲ್ಲ. ಮನೆಮನೆಗೆ ಹೋಗಿ ಕೇಳಿದೆ. ಒಬ್ಬ ತಾಯಿ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ ಹೇಳಿದರು: "ಆಡ್ಲಿ ಬಿಡ್ರಿ ಸರ್, ದೀಪ ಹಚ್ಚೂದ್ರೊಳಗ ಮನಿಗೆ ಬಂದ್ರ ಸಾಕು."

ಈಗ ಚಳಿಗಾಲದಲ್ಲಿ ಐದೂಕಾಲಿಗೇ ಸೀಟಿ. ಒಂದು ನೋಟ್‌ಬುಕ್ ಇಟ್ಟಿದ್ದೇವೆ: ಹೆಸರು, ಓಣಿ, ಮನೆಯವರ ಫೋನ್ ನಂಬರ್. ಒಂದೊಂದು ಓಣಿಯ ಮಕ್ಕಳು ಒಟ್ಟಿಗೇ ಹೊರಡಬೇಕು. ಜೊತೆಗೊಬ್ಬಳು ಎಂಟನೇ ಕ್ಲಾಸಿನ ಹುಡುಗಿ. ಆ ಹುಡುಗಿಯರು ನಮಗಿಂತ ಸ್ಟ್ರಿಕ್ಟು! ಹೆಣ್ಣುಮಕ್ಕಳು ವಾಪಸ್ ಬಂದದ್ದು ಇದರಿಂದಲೇ.

ಇನ್ನೊಂದು, ಹಸಿವು. ಮಧ್ಯಾಹ್ನ ಬಿಸಿಯೂಟ ಮಾಡಿದ ಮಕ್ಕಳು ನಾಲ್ಕೂವರೆಗೆ ಸುಮ್ನೆ ಓಡೋಕಾಗಲ್ಲ. ಒಂದು ಹಿಡಿ ಶೇಂಗಾ, ಚೂರು ಬೆಲ್ಲ ಕೊಡಿ.

ಸಿಂಧನೂರು ಕಡೆಯಿಂದ:
ಖೋ ಖೋ ಆಡಿಸಿ. ಎರಡು ಕಂಬ, ಸುಣ್ಣದ ಗೆರೆ, ಅಷ್ಟೇ ಖರ್ಚು. ಅಟ್ಟಿಸುವ ತಂಡದಲ್ಲಿ 9 ಜನ: ಎಂಟು ಮಂದಿ ಕೂತಿರ್ತಾರೆ, ಒಬ್ಬರು ಓಡ್ತಾರೆ. ಕ್ರಿಕೆಟ್ ಬೇಡ ಅನ್ನಲ್ಲ, ಆದರೆ ಬ್ಯಾಟು ಇಬ್ಬರು ಹುಡುಗರ ಕೈಯಲ್ಲೇ ಉಳಿಯುತ್ತೆ, ಅಲ್ವಾ? ನಮ್ಮದು ಎರೆಭೂಮಿ. ಮಳೆ ಬಂದರೆ ಒಂದೊಂದು ಕಾಲಿಗೂ ಕೆಜಿ ಮಣ್ಣು. ಪೋಷಕರೊಬ್ಬರು ಟ್ರ್ಯಾಕ್ಟರ್‌ನಲ್ಲಿ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತಂದು ಹಾಕಿದ ಮೇಲೆಯೇ ಮಳೆಗಾಲದಲ್ಲೂ ಆಟ ನಡೆದದ್ದು. ಗರಸು ಹಾಕಿದರೆ ಕಲ್ಲು ಆರಿಸಿ, ನಮ್ಮಲ್ಲಿ ಮೊಣಕಾಲು ತರಚಿಕೊಂಡವರು ಬಹಳ.

ಬಳ್ಳಾರಿಯಿಂದ:
ಮಾರ್ಚ್ ಬಂತೆಂದರೆ ನಾಲ್ಕೂವರೆಯ ಬಿಸಿಲಿಗೂ ನೆಲ ಸುಡುತ್ತೆ. ಆಗ ಓಟ ಬಿಟ್ಟು ಬೇವಿನ ಮರದ ಕೆಳಗೆ ಕುಂಟಾಬಿಲ್ಲೆ, ಹಗ್ಗದಾಟ. ಹತ್ತು ನಿಮಿಷಕ್ಕೊಮ್ಮೆ ನೀರು, ಕೇಳದಿದ್ದರೂ ಕುಡಿಸಿ. ತಲೆ ಸುತ್ತುತ್ತೆ ಅಂದವರನ್ನು ಅವತ್ತು ಮತ್ತೆ ಆಡಿಸಬೇಡಿ.

ಕೇಳಿದವರು:
ಹತ್ತಿ ಬಿಡಿಸುವ ಕಾಲದಲ್ಲಿ ಅರ್ಧ ಮಕ್ಕಳು ಬರಲ್ಲ, ಏನು ಮಾಡೋದು?

ರಾಯಚೂರು ಕಡೆಯಿಂದ:
ಇದ್ದವರ ಜೊತೆ ಕಬಡ್ಡಿ ಆಡಿಸಿ, ನಿಲ್ಲಿಸಬೇಡಿ. ನೋಟ್‌ಬುಕ್‌ನಿಂದ ಬರದವರ ಹೆಸರು ಹೊಡೆದು ಹಾಕಬೇಡಿ. ನಾವು ಒಮ್ಮೆ ಹೊಡೆದು ಹಾಕಿದ್ದೆವು. ವಾಪಸ್ ಬಂದ ಹುಡುಗ ಅದನ್ನು ನೋಡಿ ಗೇಟಿನಿಂದಲೇ ತಿರುಗಿ ಹೋದ.