ಬೆಕ್ಕಿನ ಚಿಗಟದ ಔಷಧ: ‘ಹಚ್ಚಿ’ ಎನ್ನಬೇಕೋ, ‘ಬಿಡಿ’ ಎನ್ನಬೇಕೋ?

ಗೆಳೆಯರೇ,

ಒಂದು ಕ್ರಿಯಾಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಬೆಕ್ಕು ಸಾಕುವವರಿಗಾಗಿ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಿಗಟ ಹೋಗಲೆಂದು ಬೆಕ್ಕಿನ ಮೈಮೇಲೆ ಹಾಕುತ್ತಾರಲ್ಲ, ಪುಟ್ಟ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಬರುವ ಔಷಧ, ಅದನ್ನು ಹೇಗೆ ಬಳಸಬೇಕು, ಹೇಗೆ ಇಟ್ಟುಕೊಳ್ಳಬೇಕು ಅನ್ನುವುದು ವಿಷಯ. ಹತ್ತು ಹನ್ನೆರಡು ವಾಕ್ಯದ ಕೆಲಸ. ಮೂರು ವಾರದಿಂದ ಅದರಲ್ಲೇ ಇದ್ದೇನೆ.

ಮೊದಲ ಸಲ ನಾನು ಬರೆದದ್ದು ಹೀಗೆ: ‘ತಿಂಗಳಿಗೊಮ್ಮೆ ಈ ಔಷಧವನ್ನು ಬೆಕ್ಕಿನ ಕತ್ತಿನ ಹಿಂಭಾಗಕ್ಕೆ ಹಚ್ಚಿ.’ ಸರಿಯಾಗೇ ಇದೆ ಅಂದುಕೊಂಡಿದ್ದೆ. ಅದನ್ನು ಓದಿಕೊಂಡು ನಮ್ಮ ಚಿಕ್ಕಮ್ಮ ತಮ್ಮ ಬೆಕ್ಕಿಗೆ ಔಷಧ ಹಚ್ಚಿದರು. ಟ್ಯೂಬನ್ನು ಅಂಗೈಗೆ ಹಿಂಡಿಕೊಂಡು, ತಲೆಗೆ ಎಣ್ಣೆ ಹಚ್ಚುವ ಹಾಗೆ ಕತ್ತಿನಿಂದ ಸೊಂಟದವರೆಗೆ ನೀಟಾಗಿ ಸವರಿದರು. ಅರ್ಧ ಔಷಧ ಅವರ ಕೈಯಲ್ಲೇ ಉಳಿಯಿತು. ಇನ್ನರ್ಧ ಕೂದಲಿಗೆ ಮೆತ್ತಿಕೊಂಡಿತು. ಬೆಕ್ಕು ಕತ್ತು ತಿರುಗಿಸಿ ಸೊಂಟದ ಹತ್ತಿರ ಎರಡು ಸಲ ನೆಕ್ಕಿತು, ಅಷ್ಟೇ. ಬಾಯಿ ತುಂಬ ನೊರೆ, ಎದೆಯವರೆಗೂ ಜೊಲ್ಲು. ಪಶುವೈದ್ಯರಿಗೆ ಫೋನ್ ಮಾಡಿದಾಗ, ಔಷಧದ ಕಹಿಗೆ ಹಾಗಾಗುತ್ತದೆ, ಆದರೂ ಕಣ್ಣಿಟ್ಟಿರಿ ಅಂದರು. ಸಂಜೆಗೆ ಸರಿಹೋಯಿತು. ‘ಹಚ್ಚಿ ಅಂತ ನೀನೇ ಬರ್ದಿದ್ದೀಯಲ್ಲೋ’ ಅಂದರು ಚಿಕ್ಕಮ್ಮ. ಅವರು ಹೇಳಿದ್ದು ನಿಜ. ಅವರು ಪದಕ್ಕೆ ಸರಿಯಾಗೇ ನಡೆದುಕೊಂಡಿದ್ದರು. ಪದವೇ ಸರಿ ಇರಲಿಲ್ಲ.

ಈ ಔಷಧಕ್ಕೆ ಆಗಬೇಕಾದ ಕೆಲಸ ಏನು ಅಂತ ನೋಡಿ. ಕೂದಲನ್ನು ಎರಡು ಕಡೆಗೆ ಸರಿಸಿ, ಬೈತಲೆ ತೆಗೆದ ಹಾಗೆ, ಚರ್ಮ ಕಾಣುವಂತೆ ಮಾಡಬೇಕು. ಟ್ಯೂಬಿನ ತುದಿಯನ್ನು ಆ ಚರ್ಮಕ್ಕೇ ತಾಗಿಸಿ ಪೂರ್ತಿ ಹಿಂಡಬೇಕು. ಆಮೇಲೆ ಕೈ ಹಾಕಬಾರದು. ಉಜ್ಜಬಾರದು. ಫಿಪ್ರೊನಿಲ್‌ನಂಥ ಔಷಧ ಚರ್ಮದ ಎಣ್ಣೆಯಂಶದ ಜೊತೆ ತಾನೇ ಮೈಯೆಲ್ಲ ಹರಡಿಕೊಳ್ಳುತ್ತದೆ. ಕೂದಲ ಬುಡದ ಎಣ್ಣೆಗ್ರಂಥಿಗಳಲ್ಲಿ ಸೇರಿಕೊಂಡು, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಹೊರಬರುತ್ತಾ ಸುಮಾರು ಒಂದು ತಿಂಗಳು ಕೆಲಸ ಮಾಡುತ್ತದೆ. ಬೆಕ್ಕಿನ ಫಿಪ್ರೊನಿಲ್ ಟ್ಯೂಬಿನಲ್ಲಿ ಇರುವುದೇ 0.5 ಮಿಲಿಲೀಟರ್. ಅಷ್ಟು ಕಡಿಮೆ ಇರುವಾಗ ಕೈಗೆ ಅಂಟಿದ್ದೂ ನಷ್ಟ, ಕೂದಲ ಮೇಲೆ ನಿಂತದ್ದೂ ನಷ್ಟ.

ಈಗ ‘ಹಚ್ಚು’ ಪದವನ್ನು ನೋಡೋಣ. ಹತ್ತು, ಹಚ್ಚು ಎರಡೂ ಜೋಡಿ. ಬೆಂಕಿ ಹತ್ತುತ್ತದೆ, ನಾವು ಹಚ್ಚುತ್ತೇವೆ. ಅಂಟುವಂತೆ ಮಾಡುವುದು ಅನ್ನುವಷ್ಟೇ ಅರ್ಥವಾದರೆ ತೊಂದರೆ ಇರಲಿಲ್ಲ. ಆದರೆ ದಿನಬಳಕೆಯಲ್ಲಿ ಎಣ್ಣೆ, ಅರಿಸಿನ, ಮುಲಾಮು, ಬಣ್ಣ ಯಾವುದನ್ನು ಹಚ್ಚಿದರೂ ಅದರಲ್ಲಿ ಕೈ ಅಥವಾ ಬ್ರಶ್ ಇರುತ್ತದೆ, ಹರಡುವುದು ಇರುತ್ತದೆ. ಸವರು, ಬಳಿ, ಲೇಪಿಸು ಎಲ್ಲವೂ ಇದೇ ಮನೆಯವು. ಈ ಔಷಧಕ್ಕೆ ಬೇಡವಾದದ್ದೇ ಆ ಹರಡುವ ಕೈ.

‘ಹಾಕಿ’ ಅಂದರೆ ಆಗುವುದಿಲ್ಲವೇ ಅಂತ ಒಬ್ಬ ಗೆಳೆಯರು ಕೇಳಿದರು. ಮಾತಿನಲ್ಲಿ ನಾವೆಲ್ಲ ಹಾಗೇ ಅನ್ನುತ್ತೇವೆ, ಮೇಲೆ ನಾನೂ ಹಾಗೇ ಬರೆದಿದ್ದೇನೆ. ಆದರೆ ಸೂಚನೆಯಲ್ಲಿ ಅದು ನನಗೆ ಭಯ ಹುಟ್ಟಿಸುತ್ತದೆ. ‘ಬೆಕ್ಕಿಗೆ ಔಷಧ ಹಾಕಿದೆ’ ಅಂದರೆ ಬಾಯಿಗೆ ಹಾಕಿದೆ ಅಂತಲೂ ಆಗುತ್ತದೆ. ಮಗುವಿಗೆ ಪೋಲಿಯೊ ಹನಿ ಹಾಕಿಸುವುದು ಬಾಯಿಗೇ ಅಲ್ವಾ? ಇನ್ನು ‘ಮದ್ದು ಹಾಕಿದರು’ ಅಂದರಂತೂ ವಿಷ ಇಟ್ಟರು ಅಂತಲೇ ಅರ್ಥ. ‘ಕೊಡಿ’ ಕೂಡ ಬಾಯಿಯ ಕಡೆಗೇ ಹೋಗುತ್ತದೆ.

ಹಾಗೆ ಹುಡುಕುತ್ತಾ ನನಗೆ ಸಿಕ್ಕಿದ್ದು ‘ಬಿಡು’. ಕಣ್ಣಿಗೆ ಔಷಧ ಬಿಡುತ್ತೇವೆ. ಕಿವಿಗೆ ಎಣ್ಣೆ ಬಿಡುತ್ತೇವೆ. ಮೂಗಿಗೆ ಹನಿ ಬಿಡುತ್ತೇವೆ. ಇಲ್ಲೆಲ್ಲ ದ್ರವ ಒಂದು ಜಾಗಕ್ಕೆ ಬೀಳುತ್ತದೆ, ಮುಂದಿನದನ್ನು ಅದೇ ನೋಡಿಕೊಳ್ಳುತ್ತದೆ. ಕಣ್ಣಿಗೆ ಬಿಟ್ಟ ಔಷಧವನ್ನು ಯಾರೂ ಉಜ್ಜುವುದಿಲ್ಲ. ಚಿಗಟದ ಔಷಧಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎಷ್ಟು ಖುಷಿಯಾಯಿತು ಅಂದರೆ, ಸೂಚನೆಯಲ್ಲಿ ಎಲ್ಲ ಕಡೆಯೂ ‘ಹಚ್ಚಿ’ ತೆಗೆದು ‘ಬಿಡಿ’ ಬರೆದುಬಿಟ್ಟೆ.

ಬರೆದ ಮೇಲೆ ಜೋರಾಗಿ ಓದಿದೆ. ‘ತಿಂಗಳಿಗೊಮ್ಮೆ ಔಷಧ ಬಿಡಿ.’ ಅಯ್ಯೋ, ಇದು ತಿಂಗಳಿಗೊಂದು ಸಲ ಔಷಧ ತಪ್ಪಿಸಿ ಅಂದ ಹಾಗೂ ಇದೆ! ಸಿಗರೇಟು ಬಿಟ್ಟೆ, ಕಾಫಿ ಬಿಟ್ಟೆ, ಮಾತ್ರೆ ಬಿಟ್ಟೆ ಅನ್ನುತ್ತೇವಲ್ಲ, ಅದೇ ‘ಬಿಡು’ ಇಲ್ಲಿ ಬಂದು ಕೂತಿದೆ. ನಿಷೇಧದಲ್ಲಿ ಇನ್ನೂ ಕಷ್ಟ. ‘ಎಂಟು ವಾರದೊಳಗಿನ ಮರಿಗೆ ಈ ಔಷಧ ಬಿಡಬೇಡಿ’ ಎಂದು ಬರೆದರೆ, ಯಾವ ಕಾರಣಕ್ಕೂ ನಿಲ್ಲಿಸಬೇಡಿ ಎಂದು ಓದಿಕೊಳ್ಳುವವರು ಸಿಗಬಹುದು. ಒಂದೇ ವಾಕ್ಯಕ್ಕೆ ಎರಡು ಅರ್ಥ, ಎರಡೂ ಒಂದಕ್ಕೊಂದು ವಿರುದ್ಧ. ಔಷಧದ ಚೀಟಿಯಲ್ಲಿ ಇದಕ್ಕಿಂತ ಅಪಾಯ ಬೇರೆ ಇಲ್ಲ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ದಾರಿ ಇದು. ‘ಔಷಧ ಬಿಡಿ’ ಎಂದು ಬರೆಯುವುದೇ ಇಲ್ಲ. ಎಲ್ಲಿಗೆ ಅನ್ನುವುದನ್ನೂ ‘ಹನಿ’ ಅನ್ನುವುದನ್ನೂ ಪ್ರತಿ ಸಲ ಸೇರಿಸುತ್ತೇನೆ. ‘ಹೆಡಕಿನ ಚರ್ಮಕ್ಕೆ ಹನಿ ಬಿಡಿ.’ ಹನಿಯನ್ನು ಯಾರೂ ಸಿಗರೇಟು ಬಿಟ್ಟ ಹಾಗೆ ಬಿಡುವುದಿಲ್ಲ, ಹಾಗಾಗಿ ಗೊಂದಲ ಇಲ್ಲ. ಚರ್ಮ ಎಂದು ಮೊದಲೇ ಹೇಳಿರುವುದರಿಂದ ಪೋಲಿಯೊ ಹನಿಯ ನೆನಪಾಗಿ ಬಾಯಿಗೆ ಹೋಗುವ ಭಯವೂ ಇಲ್ಲ. ಬೇಡ ಅನ್ನುವ ಕಡೆ ಮಾತ್ರ ಕ್ರಿಯಾಪದವನ್ನೇ ಬದಲಾಯಿಸುತ್ತೇನೆ: ‘ಎಂಟು ವಾರದೊಳಗಿನ ಮರಿಗೆ ಇದನ್ನು ಬಳಸಬೇಡಿ.’ ‘ಹನಿಸಿ’ ಎಂದೂ ಯೋಚಿಸಿದೆ. ಚೆಂದವಾಗಿದೆ, ಆದರೆ ಕವಿತೆಯ ಮಳೆ ನೆನಪಾಗುತ್ತದೆ. ಚಿಕ್ಕಮ್ಮ ಆ ಪದವನ್ನು ಎಂದೂ ಬಳಸಿದವರಲ್ಲ.

ಹೆಡಕು ಅಂದೆನಲ್ಲ, ಅದೂ ಒಂದು ಪ್ರಶ್ನೆ. ‘ಕತ್ತಿನ ಹಿಂಭಾಗ’ ಅಂದರೆ ತಲೆಬುರುಡೆಯ ಬುಡದಿಂದ ಎರಡು ಹೆಗಲಿನ ನಡುವಿನವರೆಗೆ ಎಲ್ಲವೂ ಬರುತ್ತದೆ. ಅಷ್ಟರಲ್ಲಿ ಮೇಲಿನ ಜಾಗವೇ ಒಳ್ಳೆಯದು, ಯಾಕೆಂದರೆ ಬೆಕ್ಕಿನ ನಾಲಿಗೆ ಅಲ್ಲಿಗೆ ಎಟುಕುವುದಿಲ್ಲ. ಕೆಳಗೆ ಹೋದಷ್ಟೂ ಎಟುಕುತ್ತದೆ. ಹೆಡಕು ಅನ್ನುವ ಪದ ಆ ಜಾಗವನ್ನೇ ಹೇಳುತ್ತದೆ. ಆದರೆ ನಾನು ಕೇಳಿದ ಹುಡುಗರಲ್ಲಿ ಜಾಸ್ತಿ ಜನಕ್ಕೆ ಅದು ಗೊತ್ತಿಲ್ಲ. ಅದಕ್ಕೇ ಪಕ್ಕದಲ್ಲಿ ಒಂದು ಮಾತು ಸೇರಿಸಿದ್ದೇನೆ: ‘ತಾಯಿಬೆಕ್ಕು ಮರಿಯನ್ನು ಕಚ್ಚಿ ಎತ್ತಿಕೊಂಡು ಹೋಗುವ ಜಾಗ’. ಇದನ್ನು ಓದಿದ ಯಾರೂ ಇನ್ನೂ ತಪ್ಪು ಜಾಗ ತೋರಿಸಿಲ್ಲ.

ಇನ್ನು ಹುಳುವಿನ ಹೆಸರು. ‘ಬೆಕ್ಕಿಗೆ ಹೇನಾಗಿದೆ’ ಅನ್ನುವವರೇ ಜಾಸ್ತಿ. ಹೇನು ಬೇರೆ, ಚಿಗಟ ಬೇರೆ. ಹೇನು ಕೂದಲನ್ನು ಹಿಡಿದುಕೊಂಡು ನಿಧಾನಕ್ಕೆ ಹರಿದಾಡುತ್ತದೆ. ಚಿಗಟ ನೆಗೆಯುತ್ತದೆ. ಅದರ ಮೈ ಎರಡು ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ, ಅದಕ್ಕೇ ಕೂದಲ ನಡುವೆ ಸಲೀಸಾಗಿ ನುಸುಳಿ ತಪ್ಪಿಸಿಕೊಳ್ಳುತ್ತದೆ. ಉಣ್ಣೆ ಇನ್ನೊಂದು: ಚರ್ಮಕ್ಕೆ ಕಚ್ಚಿಕೊಂಡು, ರಕ್ತ ಕುಡಿದು ಕಾಳಿನ ಹಾಗೆ ಊದಿ ಕೂರುತ್ತದೆ. ಇಲ್ಲಿ ಬರಹಕ್ಕೆ ಒಂದು ತೊಡಕಿದೆ. ಉಣ್ಣೆ ಅಂದರೆ ಕುರಿಯ ಉಣ್ಣೆಯೂ ಹೌದು. ಬಟ್ಟೆಯ ಉಣ್ಣೆ ಸಂಸ್ಕೃತದ ಊರ್ಣಾದಿಂದ ಬಂದದ್ದು. ಹುಳುವಿನ ಉಣ್ಣೆ ನಮ್ಮದೇ, ತಮಿಳಿನಲ್ಲೂ ಉಣ್ಣಿ ಇದೆ. ‘ಬೆಕ್ಕಿನ ಮೈಮೇಲಿನ ಉಣ್ಣೆ’ ಎಂದು ಬರೆದರೆ ಅದರ ತುಪ್ಪಳ ಅಂದುಕೊಂಡಾರು. ಹಾಗಾಗಿ ಸೂಚನೆಯಲ್ಲಿ ‘ಉಣುಗು’ ಎಂದೇ ಇಟ್ಟಿದ್ದೇನೆ. ಈ ಬೇರೆತನ ಸುಮ್ನೆ ಪಾಂಡಿತ್ಯಕ್ಕಲ್ಲ. ಚಿಗಟ ಸಾಯಿಸುವ ಎಲ್ಲ ಔಷಧವೂ ಉಣುಗನ್ನು ಸಾಯಿಸುವುದಿಲ್ಲ. ಇಮಿಡಾಕ್ಲೋಪ್ರಿಡ್ ಒಂದೇ ಇರುವ ಔಷಧ ಚಿಗಟಕ್ಕೆ ಕೆಲಸ ಮಾಡುತ್ತದೆ, ಉಣುಗಿಗೆ ಮಾಡುವುದಿಲ್ಲ.

ಒಂದು ಪದ ಮಾತ್ರ ತಾನಾಗಿ ಕೂತಿತು. ಚಿಗಟ ಇದೆಯೋ ಇಲ್ಲವೋ ನೋಡಲು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬೆಕ್ಕನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಬೇಕು. ಸ್ವಲ್ಪ ಹೊತ್ತಿಗೆ ಆ ಪುಡಿಯ ಸುತ್ತ ಕೆಂಪು ಕಲೆ ಹರಡಿದರೆ ಅದು ಮಣ್ಣಲ್ಲ, ಚಿಗಟ ಕುಡಿದು ಹೊರಹಾಕಿದ ರಕ್ತ. ಇದಕ್ಕೆ ‘ಚಿಗಟದ ಕೊಳೆ’, ‘ಚಿಗಟದ ಮಲ’ ಎಂದೆಲ್ಲ ಬರೆದು ಹೊಡೆದುಹಾಕಿದೆ. ಇಲಿಯ ಹಿಕ್ಕೆ, ಆಡಿನ ಹಿಕ್ಕೆ ಅನ್ನುವಾಗ ಚಿಗಟದ ಹಿಕ್ಕೆ ಯಾಕಾಗಬಾರದು? ಚಿಕ್ಕಮ್ಮನಿಗೆ ಓದಿ ಹೇಳಿದೆ. ಏನದು ಅಂತ ಕೇಳಲೇ ಇಲ್ಲ.

ಇಂಥ ಮೈಮೇಲಿನ ಔಷಧಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಟಾಪಿಕಲ್’ ಪದಕ್ಕೆ ಜಾಸ್ತಿ ಹೊತ್ತು ಕೊಡುವುದಿಲ್ಲ. ಯಂತ್ರದ ಅನುವಾದದಲ್ಲಿ ‘ಸಾಮಯಿಕ ಚಿಕಿತ್ಸೆ’ ಎಂದು ಕಂಡಿದ್ದೇನೆ, ‘ಸ್ಥಳೀಯ ಔಷಧ’ ಎಂದೂ ಕಂಡಿದ್ದೇನೆ. ಮೊದಲನೆಯದು ಈ ಕಾಲಕ್ಕೆ ತಕ್ಕದ್ದು ಅನ್ನುತ್ತದೆ, ಎರಡನೆಯದು ಊರಿನ ನಾಟಿ ಮದ್ದು ಅನ್ನುತ್ತದೆ. ‘ಚರ್ಮದ ಮೇಲೆ ಬಿಡುವ ಔಷಧ’ ಅಂದರೆ ಮುಗಿಯಿತು.

ಇಟ್ಟುಕೊಳ್ಳುವ ವಿಷಯದಲ್ಲೂ ಒಂದು ಪದ ಕಾಡಿತು. ‘ತಂಪಾದ, ಒಣ ಸ್ಥಳದಲ್ಲಿ ಇಡಿ.’ ಇದು ಎಲ್ಲ ಪೊಟ್ಟಣಗಳ ಮೇಲೂ ಇರುವ ಮಾತು, ಯಾರೂ ಎರಡು ಸಲ ಯೋಚಿಸುವುದಿಲ್ಲ. ಆದರೆ ತಂಪು ಪಾನೀಯ ಅಂದರೆ ಫ್ರಿಜ್ಜಿನಿಂದ ತೆಗೆದದ್ದು ಅಲ್ವಾ? ಪರಿಚಯದವರೊಬ್ಬರು ಔಷಧದ ಟ್ಯೂಬುಗಳನ್ನು ಫ್ರಿಜ್ಜಿನ ಬಾಗಿಲಲ್ಲಿ, ಹಾಲಿನ ಪಕ್ಕ ಇಟ್ಟಿದ್ದರು. ತಿನ್ನುವ ವಸ್ತುವಿನ ಹತ್ತಿರ ಇದು ಇರಲೇಬಾರದು. ಇಂಥ ಔಷಧಕ್ಕೆ ಸಾಮಾನ್ಯವಾಗಿ ಬೇಕಾಗಿರುವುದು 25 ಅಥವಾ 30 ಡಿಗ್ರಿ ಸೆಲ್ಸಿಯಸ್ ದಾಟದ ಜಾಗ, ಅಷ್ಟೇ. ಎಷ್ಟು ಅನ್ನುವುದು ಆಯಾ ಪೊಟ್ಟಣದ ಮೇಲೆ ಇರುತ್ತದೆ. ಅದಕ್ಕೆ ಹೀಗೆ ಬರೆದೆ: ‘ಬಿಸಿಲು, ಒಲೆಯ ಕಾವು, ತೇವ ತಾಗದ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.’ ಕಾವು ಅನ್ನುವ ಪದ ಸಿಕ್ಕ ಮೇಲೆ ತಂಪಿನ ಗೊಡವೆಯೇ ಬೇಡವಾಯಿತು. ಈ ದ್ರವಗಳಲ್ಲಿ ಹಲವು ಬೇಗ ಹೊತ್ತಿಕೊಳ್ಳುವಂಥವು, ಹಾಗಾಗಿ ಒಲೆಯ ಮಾತು ಬಂದದ್ದೂ ಒಳ್ಳೆಯದಾಯಿತು.

‘ಮೂಲ ಪ್ಯಾಕೇಜಿನಲ್ಲೇ ಸಂಗ್ರಹಿಸಿ’ ಅನ್ನುವುದನ್ನು ‘ಬಂದ ಪೊಟ್ಟಣದಲ್ಲೇ ಇರಲಿ’ ಎಂದು ಮಾಡಿದ್ದೇನೆ. ಬಳಸುವ ಹೊತ್ತಿನವರೆಗೆ ಹಾಳೆ ಹರಿಯಬಾರದು, ತುದಿ ಮುರಿಯಬಾರದು. ಅರ್ಧ ಬಳಸಿ ಅರ್ಧ ಎತ್ತಿಡುವ ಹಾಗೂ ಇಲ್ಲ. ಖಾಲಿ ಟ್ಯೂಬನ್ನು ಸಿಂಕಿನಲ್ಲಿ ತೊಳೆಯಬಾರದು, ಕೆರೆ ಹೊಳೆ ಸೇರಿದರೆ ನೀರಿನ ಜೀವಿಗಳಿಗೆ ಅದು ವಿಷ.

ಆದರೆ ಪೊಟ್ಟಣದಲ್ಲೇ ಇರಲಿ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ, ಇದನ್ನು ಬರೆಯುವಾಗ ನನ್ನ ಕೈ ತಡೆದು ತಡೆದು ಬರೆಯಿತು. ಪೊಟ್ಟಣದಿಂದ ಬಿಡಿಸಿದ ಮೇಲೆ ನಾಯಿಯ ಟ್ಯೂಬೂ ಬೆಕ್ಕಿನ ಟ್ಯೂಬೂ ನೋಡಲು ಹೆಚ್ಚುಕಡಿಮೆ ಒಂದೇ. ನಾಯಿಗೆ ಬಿಡುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ನಾಯಿಗೆ ಅದು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಬೆಕ್ಕಿನ ಯಕೃತ್ತಿಗೆ ಅದನ್ನು ಒಡೆದು ಹೊರಹಾಕುವ ಶಕ್ತಿ ಸಾಲದು. ಮೊದಲು ಕಿವಿ, ಮುಖ ಅದುರುತ್ತದೆ, ಆಮೇಲೆ ಮೈಯೆಲ್ಲ ನಡುಗಿ ಫಿಟ್ಸ್ ಬರುತ್ತದೆ, ಜೀವವೇ ಹೋಗಬಹುದು. ಪೊಟ್ಟಣದ ಮೇಲೆ ‘ನಾಯಿಗಳಿಗೆ ಮಾತ್ರ’ ಎಂದು ಇರುತ್ತದೆ, ಆದರೆ ಕನ್ನಡದಲ್ಲಿ ‘ಮಾತ್ರ’ ಬಹಳ ಮೆತ್ತಗಿನ ಪದ. ‘ಮಹಿಳೆಯರಿಗೆ ಮಾತ್ರ’ ಅಂದ ಹಾಗೆ, ಯಾರಿಗೆಂದು ಹೇಳುತ್ತದೆಯೇ ಹೊರತು ಅಪಾಯವನ್ನು ಹೇಳುವುದಿಲ್ಲ. ಹಾಗಾಗಿ ನಾನು ಬರೆದದ್ದು: ‘ನಾಯಿಯ ಔಷಧ ಬೆಕ್ಕಿಗೆ ಸೋಕಲೂಬಾರದು. ಸೋಕಿದರೆ ಕಾಯಬೇಡಿ, ಕೂಡಲೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.’ ‘ಸೋಕು’ ಪದವನ್ನು ಬೇಕೆಂದೇ ಇಟ್ಟೆ. ಔಷಧ ಬಿಟ್ಟ ನಾಯಿಯ ಮೈ ಒಣಗುವ ಮೊದಲೇ ಬೆಕ್ಕು ಅದಕ್ಕೆ ಒರಗಿಕೊಂಡರೂ ತಾಗುತ್ತದೆ. ಬಳಸಬೇಡಿ ಅಂದರೆ ಅದು ಸೇರುವುದಿಲ್ಲ, ಸೋಕಬಾರದು ಅಂದರೆ ಸೇರುತ್ತದೆ.

ಈಗ ನಿಮ್ಮನ್ನು ಕೇಳುವುದು ಇಷ್ಟು. ‘ಚರ್ಮಕ್ಕೆ ಹನಿ ಬಿಡಿ’ ಎಂದು ಓದಿದಾಗ ನಿಮ್ಮ ಮನೆಯ ಹಿರಿಯರ ಕೈ ಏನು ಮಾಡುತ್ತದೆ? ಹನಿಯೆಂದರೆ ಒಂದೆರಡೇ ಅಂದುಕೊಂಡು ಟ್ಯೂಬನ್ನು ಅರ್ಧಕ್ಕೇ ನಿಲ್ಲಿಸಿಯಾರೇ ಅನ್ನುವ ಅಳುಕು ನನಗಿದೆ. ‘ಪೂರ್ತಿ ಹಿಂಡಿ’ ಎಂದು ಮುಂದಿನ ವಾಕ್ಯದಲ್ಲಿ ಹೇಳಿದ್ದೇನೆ, ಅದು ಸಾಕೇ? ಹೆಡಕು ನಿಮ್ಮ ಕಡೆ ಮಾತಿನಲ್ಲಿ ಇನ್ನೂ ಇದೆಯೇ, ಇಲ್ಲವಾದರೆ ಆ ಜಾಗಕ್ಕೆ ಏನನ್ನುತ್ತೀರಿ? ತೊಣಚಿ ಎಂದು ಚಿಗಟಕ್ಕೆ ಹೇಳುತ್ತೀರೋ, ಉಣುಗಿಗೆ ಹೇಳುತ್ತೀರೋ? ಆಗುವುದಾದರೆ ಓದಲು ಬರುವ ಒಬ್ಬರ ಕೈಗೆ ಆ ಒಂದು ವಾಕ್ಯ ಕೊಟ್ಟು, ನೀರು ತುಂಬಿದ ಡ್ರಾಪರ್ ಕೊಟ್ಟು, ಅವರು ಏನು ಮಾಡುತ್ತಾರೆ ಎಂದು ನೋಡಿ ಬರೆಯಿರಿ.