ಲೇಸರ್ ಮಾಡಿಸಿದರೆ ಲೋಕೊ ಪೈಲಟ್ ಆಗಬಹುದೇ? – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಹಾಸನದ ಓದುಗರೊಬ್ಬರು ಕೇಳಿದ್ದು: ‘ನನಗೆ 22 ವರ್ಷ. ಮೆಕ್ಯಾನಿಕಲ್ ಬಿ.ಇ. ಮುಗಿದಿದೆ. ಬಲಗಣ್ಣಿಗೆ ಮೈನಸ್ 3.25, ಎಡಗಣ್ಣಿಗೆ ಮೈನಸ್ 3.50. ರೈಲ್ವೆಯಲ್ಲಿ ಅಸಿಸ್ಟೆಂಟ್ ಲೋಕೊ ಪೈಲಟ್ (ರೈಲು ಎಂಜಿನ್ನಿನ ಸಹಾಯಕ ಚಾಲಕ) ಆಗಬೇಕೆಂದಿದ್ದೇನೆ, ಅದಾಗದಿದ್ದರೆ ಸೇನೆ. ಕನ್ನಡಕ ಬಿಡಲು ಕಣ್ಣಿಗೆ ಲೇಸರ್ ಮಾಡಿಸಿಬಿಡು, ಹತ್ತು ನಿಮಿಷದ ಕೆಲಸ ಎಂದು ಕೋಚಿಂಗಿನಲ್ಲಿ ಎಲ್ಲರೂ ಹೇಳುತ್ತಾರೆ. ಅಮ್ಮ ಒಡವೆ ಅಡ ಇಡಲು ತಯಾರಿದ್ದಾರೆ. ಮಾಡಿಸಲೇ?’ ಬಂದ ಉತ್ತರಗಳಲ್ಲಿ ಆಯ್ದವು ಇಲ್ಲಿವೆ.

ಅರಸೀಕೆರೆಯಿಂದ, ರೈಲ್ವೆ ಪರೀಕ್ಷೆಗಳಿಗೆ ತರಬೇತಿ ಕೊಡುವವರು

ಒಡವೆ ಪೆಟ್ಟಿಗೆ ಮುಟ್ಟುವ ಮೊದಲು ನೇಮಕಾತಿ ಅಧಿಸೂಚನೆಯ ವೈದ್ಯಕೀಯ ಭಾಗ ತೆಗೆದು ಓದಿ. ರೈಲ್ವೆ ಪ್ರತಿ ಹುದ್ದೆಗೂ ಒಂದು ವೈದ್ಯಕೀಯ ದರ್ಜೆ ಇಟ್ಟಿದೆ, ಅಸಿಸ್ಟೆಂಟ್ ಲೋಕೊ ಪೈಲಟ್‌ಗೆ ಬೇಕಾದದ್ದು ಎ-1 ದರ್ಜೆ. ಕನ್ನಡಕ ಇಲ್ಲದೆ ಎರಡೂ ಕಣ್ಣಿಗೆ 6/6, ಅಂದರೆ ಪೂರ್ಣ ದೃಷ್ಟಿ ಇರಬೇಕು (ಕೆಳಗಿನ ಅಂಕಿ ದೊಡ್ಡದಾದಷ್ಟೂ ದೃಷ್ಟಿ ಮಂದ). ಅದರ ಮೇಲೆ ಫಾಗಿಂಗ್ ಪರೀಕ್ಷೆ ಇದೆ: ಕಣ್ಣ ಮುಂದೆ ಪ್ಲಸ್ 2ರ ಗಾಜು ಇಟ್ಟಾಗ ಅಕ್ಷರ ಮಸುಕಾಗಬೇಕು. ಆಗಲೂ ಸಲೀಸಾಗಿ ಓದಿದರೆ ಪ್ಲಸ್ ಪವರ್ ಒಳಗೆ ಅಡಗಿದೆ ಎಂದು ಲೆಕ್ಕ. ಬಣ್ಣ ಗುರುತಿಸುವುದು, ಎರಡು ಕಣ್ಣಿನ ಹೊಂದಾಣಿಕೆ, ರಾತ್ರಿ ದೃಷ್ಟಿ, ಮಬ್ಬು ಬೆಳಕಿನ ದೃಷ್ಟಿ ಎಲ್ಲವನ್ನೂ ನೋಡುತ್ತಾರೆ. ಲೇಸರ್ ಆದ ಕಣ್ಣು ಇಷ್ಟನ್ನೂ ದಾಟಬಹುದು ಎಂದೇ ಇಟ್ಟುಕೊಳ್ಳಿ. ಆದರೆ ಅದೇ ಅಧಿಸೂಚನೆ ಇನ್ನೊಂದು ಮಾತು ಹೇಳುತ್ತದೆ: ಲೇಸಿಕ್ ಅಥವಾ ಕಣ್ಣಿನ ಪವರ್ ಸರಿಪಡಿಸುವ ಬೇರೆ ಯಾವುದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಈ ಹುದ್ದೆಗೆ ಅರ್ಹರಲ್ಲ. 2024ರ ಅಧಿಸೂಚನೆಯಲ್ಲಿ ಇದು ಸ್ಪಷ್ಟವಾಗಿದೆ.

ಅಂದರೆ ಈಗ ಕನ್ನಡಕದಿಂದ ಆಗದ ಕೆಲಸ ಲೇಸರ್ ಆದ ಮೇಲೆ ಲೇಸರಿನಿಂದಲೇ ಆಗುವುದಿಲ್ಲ. ಕಠೋರ ಅನ್ನಿಸಿದರೂ ಈ ಹುದ್ದೆ ನಿಮ್ಮ ಕಣ್ಣಿಗೆ ಎರಡು ಕಡೆಯಿಂದಲೂ ಮುಚ್ಚಿದೆ. ನಿಯಮ ಅನ್ಯಾಯ ಎನ್ನುವವರು ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಮಳೆಗಾಲದ ರಾತ್ರಿ ಇಳಿಯುವ ಗಾಡಿಯನ್ನು ನೆನೆಯಲಿ. 57 ಸುರಂಗಗಳಿವೆ. ಕತ್ತಲಲ್ಲಿ ಕಣ್ಣುಪಾಪೆ ಅಗಲವಾಗಿ, ಲೇಸರ್ ತಾಗಿದ ವೃತ್ತದ ಅಂಚಿನಿಂದಲೂ ಬೆಳಕು ಒಳಗೆ ಬಂದರೆ ಸಿಗ್ನಲ್ ದೀಪದ ಸುತ್ತ ಉಂಗುರ ಕಾಣುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ, ಕೆಲವರಿಗೆ ಆಗುತ್ತದೆ.

ಕೋಚಿಂಗಿನಲ್ಲಿ ಹೇಳದೇ ಬಿಟ್ಟ ಇನ್ನೊಂದು ವಿಷಯ ಇದೆ. ಬಿ-1 ದರ್ಜೆಗೆ ಒಂದು ಕಣ್ಣು 6/9, ಇನ್ನೊಂದು 6/12 ಸಾಕು. ಕನ್ನಡಕ ಹಾಕಿಕೊಂಡೇ ಓದಬಹುದು, ಗಾಜಿನ ಪವರ್ 4 ದಾಟಬಾರದು ಅಷ್ಟೇ. ನಿಮ್ಮದು ಈಗಲೇ ಅದರೊಳಗಿದೆ. ಟೆಕ್ನೀಷಿಯನ್ ಹುದ್ದೆಗಳಲ್ಲಿ ಬಹಳಷ್ಟು ಈ ದರ್ಜೆಯವು. ಸಿ-1, ಸಿ-2 ಇನ್ನೂ ಸಡಿಲ. ಎ-3 ಮಾತ್ರ ಬೇಡ, ಅಲ್ಲಿ ಕನ್ನಡಕದ ಮಿತಿ 2. ಸ್ಟೇಷನ್ ಮಾಸ್ಟರ್ ಎ-2, ಕನ್ನಡಕವಿಲ್ಲದೆ 6/9. ಅರ್ಜಿಯಲ್ಲಿ ಹುದ್ದೆಗಳ ಆದ್ಯತೆ ತುಂಬುವಾಗ ಪ್ರತಿ ಹುದ್ದೆಯ ಮುಂದಿರುವ ದರ್ಜೆ ನೋಡಿಯೇ ತುಂಬಿ. ಮೆಡಿಕಲ್‌ನಲ್ಲಿ ಬಿದ್ದ ಮೇಲೆ ಅತ್ತರೆ ಪ್ರಯೋಜನ ಇಲ್ಲ.

ಹಾಸನದಿಂದ ಒಬ್ಬರು

‘ಹೇಳದೇ ಹೋದರೆ ಯಾರಿಗೆ ಗೊತ್ತಾಗುತ್ತದೆ’ ಎಂಬ ಸಲಹೆಯೂ ನಿಮಗೆ ಸಿಕ್ಕೇ ಸಿಗುತ್ತದೆ. ಸ್ಲಿಟ್ ಲ್ಯಾಂಪ್ ಎಂಬ ಕಣ್ಣು ನೋಡುವ ಸೂಕ್ಷ್ಮದರ್ಶಕದ ಓರೆ ಬೆಳಕಿನಲ್ಲಿ, ಲೇಸಿಕ್‌ನಲ್ಲಿ ಕೊಯ್ದು ಮತ್ತೆ ಮುಚ್ಚಿದ ಪದರದ ಅಂಚು ತೆಳುವಾದ ಬಳೆಯಂತೆ ವರ್ಷಗಳಾದರೂ ಕಾಣುತ್ತದೆ. ಅಂಚೇ ಇಲ್ಲದ ವಿಧಾನದಲ್ಲಿ ಮಾಡಿಸಿದರೂ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ನಕ್ಷೆ ತೆಗೆದರೆ ನಡುಭಾಗ ಚಪ್ಪಟೆಯಾಗಿರುವುದು ಬಣ್ಣದಲ್ಲೇ ತೋರುತ್ತದೆ. ಸುಳ್ಳು ಘೋಷಣೆಗೆ ಸಹಿ ಹಾಕಿ ಸಿಕ್ಕಿಬಿದ್ದರೆ ಕೆಲಸ ಸಿಕ್ಕಿದ ಮೇಲೂ ಹೋಗುತ್ತದೆ.

ಚಿಕ್ಕಮಗಳೂರಿನಿಂದ, ದೃಷ್ಟಿ ಪರೀಕ್ಷಕರು

ರೈಲ್ವೆ ಬಿಟ್ಟು ಸೇನೆಗೆ ಎಂದು ಯೋಚಿಸಿದರೂ, ನಿಮ್ಮ ಕಣ್ಣು ಲೇಸರಿಗೆ ಒಗ್ಗುವ ಕಣ್ಣೇ ಎಂಬುದು ಮೊದಲು ಗೊತ್ತಾಗಬೇಕು. ಕನ್ನಡಕದ ನಂಬರು ಅದನ್ನು ಹೇಳುವುದಿಲ್ಲ.

ಹಳೆಯ ಚೀಟಿಗಳನ್ನು ಹುಡುಕಿ. ಕಳೆದ 12 ತಿಂಗಳಲ್ಲಿ ಪವರ್ 0.50ಕ್ಕಿಂತ ಹೆಚ್ಚು ಬದಲಾಗಿದ್ದರೆ ಕಣ್ಣು ಇನ್ನೂ ನಿಂತಿಲ್ಲ. ಈಗ ಮಾಡಿಸಿದರೆ ಎರಡು ವರ್ಷದಲ್ಲಿ ಮತ್ತೆ ಕನ್ನಡಕ. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಅಭ್ಯಾಸವಿದ್ದರೆ ಪರೀಕ್ಷೆಗೆ ಒಂದೆರಡು ವಾರ ಮೊದಲೇ ಬಿಡಿ, ಗಟ್ಟಿ ಲೆನ್ಸ್ ಆದರೆ ಮೂರು ನಾಲ್ಕು ವಾರ. ಲೆನ್ಸ್ ಒತ್ತಿ ಕಾರ್ನಿಯಾದ ಆಕಾರ ಬದಲಾಗಿರುತ್ತದೆ, ನಕ್ಷೆ ಸುಳ್ಳು ಹೇಳುತ್ತದೆ.

ಪವರನ್ನು ಕಣ್ಣಿನ ಒಳಸ್ನಾಯು ಸಡಿಲಿಸುವ ಹನಿ ಹಾಕಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು. ದಿನವಿಡೀ ಪುಸ್ತಕ, ಮೊಬೈಲ್ ಹಿಡಿದವರ ಕಣ್ಣಿನ ಒಳಸ್ನಾಯು ಬಿಗಿದುಕೊಂಡು ಇಲ್ಲದ ಮೈನಸ್ ತೋರಿಸುತ್ತದೆ. ಆ ಹೆಚ್ಚುವರಿ ಪವರಿಗೂ ಲೇಸರ್ ಹೊಡೆದರೆ ಕಣ್ಣು ಪ್ಲಸ್ ಆಗುತ್ತದೆ. ಹನಿ ಹಾಕಿದ ದಿನ ಬೈಕ್ ಓಡಿಸಬೇಡಿ. ಅದೇ ಹನಿಯಲ್ಲಿ ರೆಟಿನಾದ (ಕಣ್ಣಿನ ಹಿಂಭಾಗದ ನೋಟದ ಪರದೆಯ) ಅಂಚನ್ನೂ ನೋಡಿಸಿ. ಮೈನಸ್ ಕಣ್ಣು ಉದ್ದವಾಗಿರುತ್ತದೆ, ಅಂಚಿನಲ್ಲಿ ರೆಟಿನಾ ತೆಳುವಾಗಿ ತೂತು ಬಿದ್ದಿರುವುದುಂಟು. ಲೇಸರ್ ತಿದ್ದುವುದು ಮುಂದಿನ ಕಾರ್ನಿಯಾವನ್ನು, ಕಣ್ಣಿನ ಉದ್ದವನ್ನಲ್ಲ. ಬಣ್ಣಗುರುಡು ಇದ್ದರೆ ಅದೂ ಹಾಗೇ ಉಳಿಯುತ್ತದೆ. ಚುಕ್ಕಿಗಳ ನಡುವೆ ಅಂಕಿ ಹುಡುಕುವ ಆ ಪುಸ್ತಕದ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲೇ ಮುಗಿಸಿ.

ಈಗ ದಪ್ಪದ ಲೆಕ್ಕ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಸಾಮಾನ್ಯ ಕಾರ್ನಿಯಾ ಸುಮಾರು 540. ಒಂದು ಪವರಿಗೆ ಅಂದಾಜು 15 ಮೈಕ್ರಾನ್ ಸವೆಸುತ್ತಾರೆ, ನಿಮ್ಮ ಎಡಗಣ್ಣಿಗೆ 53 ಎಂದುಕೊಳ್ಳಿ. ಲೇಸಿಕ್‌ನಲ್ಲಿ ಮೊದಲು ಸುಮಾರು 110 ದಪ್ಪದ ಪದರವನ್ನು ಪುಸ್ತಕದ ಹಾಳೆಯಂತೆ ಮಗುಚಿ, ಅದರ ಕೆಳಗೆ ಸವೆಸಿ, ಮತ್ತೆ ಮುಚ್ಚುತ್ತಾರೆ. 530ರ ಕಾರ್ನಿಯಾದಲ್ಲಿ 110 ಮತ್ತು 53 ಕಳೆದರೆ ಅಡಿಯಲ್ಲಿ 367 ಉಳಿಯಿತು. ಈ ಅಡಿಪದರ 250ಕ್ಕಿಂತ ಕೆಳಗೆ ಹೋಗಬಾರದು, 300 ಇರಲಿ ಎನ್ನುವ ವೈದ್ಯರೇ ಹೆಚ್ಚು. ಮಗುಚಿದ ಪದರ ವಾಪಸ್ ಬರುವುದರಿಂದ ಒಟ್ಟು ದಪ್ಪ 477.

ದಪ್ಪ ಚೆನ್ನಾಗಿದ್ದರೂ ನಕ್ಷೆಯಲ್ಲಿ ಕೆಳಭಾಗ ಉಬ್ಬಿದ್ದರೆ ಮಾಡಿಸಲೇಬೇಡಿ. ಅದು ಕಾರ್ನಿಯಾ ಕೋನಾಕಾರಕ್ಕೆ ತಿರುಗುವ ಸೂಚನೆ, ಸವೆಸಿದರೆ ವೇಗ ಹೆಚ್ಚುತ್ತದೆ. ಅಲರ್ಜಿಯಿಂದ ಕಣ್ಣು ಉಜ್ಜುವ ಚಟ ಇದ್ದರೆ ಪರೀಕ್ಷೆ ಮಾಡುವವರಿಗೆ ಅದನ್ನು ನೀವೇ ಬಾಯಿಬಿಟ್ಟು ಹೇಳಿ. ಕಣ್ಣೀರಿನ ಪರೀಕ್ಷೆಯಲ್ಲಿ ಕೆಳರೆಪ್ಪೆಗೆ ಸಿಕ್ಕಿಸಿದ ಕಾಗದದ ಪಟ್ಟಿ 5 ನಿಮಿಷದಲ್ಲಿ 10 ಮಿಲಿಮೀಟರಾದರೂ ಒದ್ದೆಯಾಗಬೇಕು. 5ಕ್ಕಿಂತ ಕಡಿಮೆ ಎಂದರೆ ಒಣಕಣ್ಣು, ಲೇಸಿಕ್ ಅದನ್ನು ಇನ್ನೂ ಒಣಗಿಸುತ್ತದೆ.

ಸಕಲೇಶಪುರದಿಂದ, ಸೇನಾ ಆಯ್ಕೆಯ ತರಬೇತುದಾರರು

ಸೇನೆಯ ಮಟ್ಟಿಗೆ ನಾನು ಲೇಸರ್ ಬೇಡ ಎನ್ನುವುದಿಲ್ಲ. ಅಧಿಕಾರಿ ಪ್ರವೇಶಗಳಲ್ಲಿ ಕನ್ನಡಕಕ್ಕೂ ಒಂದು ಮಿತಿಯವರೆಗೆ ಅವಕಾಶ ಇದೆ, ಪ್ರವೇಶದಿಂದ ಪ್ರವೇಶಕ್ಕೆ ಆ ಮಿತಿ ಬೇರೆ. ನಿಮ್ಮದು ಮಿತಿ ಮೀರಿದರೆ ಮಾತ್ರ ಲೇಸರ್ ಯೋಚಿಸಿ. ಷರತ್ತುಗಳು ಇಷ್ಟು: ಆಪರೇಷನ್ ಆಗುವಾಗ 20 ವರ್ಷ ತುಂಬಿರಬೇಕು. ಆಗಿ ಕನಿಷ್ಠ 12 ತಿಂಗಳು ಕಳೆದಿರಬೇಕು. ಕಾರ್ನಿಯಾ 450 ಮೈಕ್ರಾನ್‌ಗಿಂತ ಕಡಿಮೆ ಇರಬಾರದು. ಕಣ್ಣಿನ ಉದ್ದ 26 ಮಿಲಿಮೀಟರ್ ಮೀರಬಾರದು, ವಾಯುಪಡೆಗೆ 25.5. ಉಳಿದ ಪವರ್ 1ರೊಳಗಿದ್ದು ರೆಟಿನಾ ಆರೋಗ್ಯವಾಗಿರಬೇಕು. ಹಳೇ ಕಾಲದ, ಬ್ಲೇಡಿನಲ್ಲಿ ಗೀರು ಹಾಕುವ ವಿಧಾನ ಒಪ್ಪಿಗೆ ಇಲ್ಲ.

ಮೇಲೆ ಚಿಕ್ಕಮಗಳೂರಿನವರು ಹಾಕಿದ ಲೆಕ್ಕವನ್ನು 500ರ ಕಾರ್ನಿಯಾಕ್ಕೆ ಹಾಕಿ ನೋಡಿ. ಅಡಿಪದರ 337 ಉಳಿಯುತ್ತದೆ. ಡಾಕ್ಟರು ‘ಧಾರಾಳವಾಗಿ ಮಾಡಬಹುದು’ ಎನ್ನುತ್ತಾರೆ, ಅವರ ದೃಷ್ಟಿಯಲ್ಲಿ ಅದು ಸರಿಯೇ. ಆದರೆ ಒಟ್ಟು ದಪ್ಪ 447. ಮೂರು ಮೈಕ್ರಾನ್‌ಗೆ ಸೇನೆ ತಪ್ಪಿತು! ಹಾಗಾಗಿ ‘ನನಗೆ ಆಪರೇಷನ್ ಮಾಡಬಹುದೇ’ ಎಂದಷ್ಟೇ ಕೇಳಬೇಡಿ. ‘ಆದ ಮೇಲೆ ಒಟ್ಟು ದಪ್ಪ ಎಷ್ಟು ಉಳಿಯುತ್ತದೆ’ ಎಂದು ಕೇಳಿ, ಬರೆಸಿಕೊಳ್ಳಿ.

ಎಂಜಿನಿಯರಿಂಗ್ ಪದವೀಧರರು ಸೇನಾ ಅಧಿಕಾರಿಯಾಗುವ ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್‌ಗೆ ವಯೋಮಿತಿ 20ರಿಂದ 27, ನಿಮಗೆ ಸಮಯ ಇದೆ. ಈಗ ಮಾಡಿಸಿದರೂ ಮೆಡಿಕಲ್‌ಗೆ ನಿಲ್ಲಲು ಒಂದು ವರ್ಷ ಕಾಯಬೇಕು. ಆಪರೇಷನ್ನಿನ ದಿನಾಂಕ, ವಿಧಾನ ಬರೆದ ಪ್ರಮಾಣಪತ್ರ ಇಲ್ಲದೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಡಿ. ಮೈಕೈ ತಾಗುವ ಕೆಲಸಕ್ಕೆ ಪಿ.ಆರ್.ಕೆ. (ಕಾರ್ನಿಯಾದ ಮೇಲ್ಮೈಯಲ್ಲೇ ಲೇಸರ್ ಹೊಡೆಯುವ ವಿಧಾನ) ವಾಸಿ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಮಗುಚುವ ಪದರವೇ ಇಲ್ಲ, ಮುಂದೆ ಪೆಟ್ಟು ಬಿದ್ದರೆ ಸರಿಯುವ ಭಯವೂ ಇಲ್ಲ. ಬೆಲೆ ತೆರುವುದು ನೋವಿನಲ್ಲಿ: ಮೂರು ನಾಲ್ಕು ದಿನ ಉರಿ, ನೋಟ ಹದಕ್ಕೆ ಬರಲು ವಾರಗಳು.

ಬೇಲೂರಿನಿಂದ, ನಿವೃತ್ತ ಶುಶ್ರೂಷಕಿ

ತಮ್ಮಾ, ಮಾಡಿಸುವುದೇ ಆದರೆ ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ಅಮ್ಮನಿಗೂ ಓದಿ ಹೇಳು.

ಬೆಂಗಳೂರಿನಲ್ಲಿ ಮಾಡಿಸಿದರೆ ಅದೇ ಸಂಜೆ ಬಸ್ ಹತ್ತಿ ಹಾಸನಕ್ಕೆ ಬರಬೇಡ. ಮಾರನೇ ದಿನದ ತಪಾಸಣೆ ತಪ್ಪಿಸುವಂತಿಲ್ಲ. ಪದರದಲ್ಲಿ ಸುಕ್ಕು ಇದ್ದರೆ ಬೇಗ ನೋಡಿದಷ್ಟೂ ಸರಿಮಾಡುವುದು ಸುಲಭ. ಅಲ್ಲೇ ಉಳಿದುಕೋ. ಆಮೇಲೆ ವಾರಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ ಹೋಗಬೇಕಾಗುತ್ತದೆ, ಬಸ್ ಚಾರ್ಜೂ ಸೇರಿಸಿ ಲೆಕ್ಕ ಹಾಕು.

ಮೊದಲ ಕೆಲವು ಗಂಟೆ ಕಣ್ಣೀರು, ಉರಿ ಇರುತ್ತದೆ. ಕಣ್ಣು ಮುಚ್ಚಿ ಮಲಗು. ರಾತ್ರಿ ಹೊತ್ತು ಒಂದು ವಾರ ಪ್ಲಾಸ್ಟಿಕ್ ಕವಚ ಕಟ್ಟಿಕೋ, ನಿದ್ದೆಗಣ್ಣಲ್ಲಿ ಉಜ್ಜುವುದೇ ದೊಡ್ಡ ಅಪಾಯ. ಒಂದು ಹನಿ ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು ಹಾಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಬಾಟಲಿಯ ತುದಿ ರೆಪ್ಪೆಗೂದಲಿಗೆ ತಾಗಬಾರದು. ಸ್ಟೀರಾಯ್ಡ್ ಹನಿಯನ್ನು ಬರೆದುಕೊಟ್ಟ ಹಾಗೆ ಇಳಿಸುತ್ತಾ ಬಾ. ಹಿತವಾಗಿದೆ ಎಂದು ಔಷಧಿ ಅಂಗಡಿಯಲ್ಲಿ ಮತ್ತೊಂದು ಬಾಟಲಿ ಕೊಂಡು ಮುಂದುವರಿಸಿದರೆ ಕಣ್ಣಿನ ಒತ್ತಡ ಏರುತ್ತದೆ, ಏರಿದ್ದು ನಿನಗೆ ಗೊತ್ತೂ ಆಗುವುದಿಲ್ಲ.

ವಾರದ ತನಕ ತಲೆಗೆ ನೀರು ಹಾಕಿಕೊಳ್ಳಬೇಡ, ಸೀಗೆಪುಡಿ ಕಣ್ಣಿಗೆ ಬಿದ್ದರೆ ಉಜ್ಜದೆ ಇರಲಾರೆ. ಹಂಡೆ ಒಲೆಯ ಮುಂದೆ ಕೂತು ಊದುವ ಕೆಲಸ ಬೇರೆಯವರಿಗೆ ಬಿಡು. ರಾಗಿ ಒಕ್ಕಣೆ ಇದ್ದರೆ ಆ ತಿಂಗಳು ಕಣದ ಕಡೆ ಸುಳಿಯಬೇಡ. ಕೆರೆ, ಹೊಳೆಯ ಈಜೂ ತಿಂಗಳ ಮಟ್ಟಿಗೆ ಇಲ್ಲ. ಅಜ್ಜಿ ಪ್ರೀತಿಯಿಂದ ನಂದಿಬಟ್ಟಲ ಹೂವಿನ ರಸ ಹಿಂಡಲು ಬಂದರೆ ಹೂವನ್ನು ದೇವರಿಗೆ ಏರಿಸಲು ಹೇಳು. ಎರಡನೇ ದಿನದ ಮೇಲೆ ನೋವು ಕಡಿಮೆಯಾಗುವ ಬದಲು ಹೆಚ್ಚಿದರೆ, ಕೆಂಪಾದರೆ, ನಿನ್ನೆ ಕಂಡಿದ್ದು ಇವತ್ತು ಮಸುಕಾದರೆ ನಾಳೆ ನೋಡೋಣ ಎನ್ನಬೇಡ. ಅವತ್ತೇ ತೋರಿಸು.

ಚನ್ನರಾಯಪಟ್ಟಣದಿಂದ ಒಬ್ಬರು

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ವಿಧಾನ ನೋಡಿಕೊಂಡು ಎರಡು ಕಣ್ಣಿಗೆ ಹತ್ತಾರು ಸಾವಿರದಿಂದ ಲಕ್ಷ ದಾಟುವವರೆಗೂ ಹೇಳುತ್ತಾರೆ. ಆ ಮೊತ್ತದಲ್ಲಿ ಪರೀಕ್ಷೆ, ಹನಿ, ಮುಂದಿನ ಭೇಟಿಗಳು, ಪವರ್ ಉಳಿದರೆ ಎರಡನೇ ಸಲ ಮಾಡುವುದು ಸೇರಿದೆಯೇ ಎಂದು ಮೊದಲೇ ಕೇಳಿ. ಆರೋಗ್ಯ ವಿಮೆಯನ್ನು ನಂಬಬೇಡಿ, 7.5ಕ್ಕಿಂತ ಕಡಿಮೆ ಪವರಿನ ಚಿಕಿತ್ಸೆ ವಿಮೆಗಳಲ್ಲಿ ಸಾಮಾನ್ಯವಾಗಿ ಹೊರಗೇ. ಪರೀಕ್ಷೆಗಳಿಗಷ್ಟೇ ದುಡ್ಡು ಹೊಂದಿಸಿ, ವರದಿ ಕೈಗೆ ಬಂದ ಮೇಲೆ ಒಡವೆಯ ಮಾತು.

ಮಾಡಿಸಿದರೆ ಹಿಂದಿನ ಪವರ್, ಕಾರ್ನಿಯಾದ ದಪ್ಪ, ನಕ್ಷೆ ಇರುವ ಕಾಗದಗಳನ್ನು ಅಂಕಪಟ್ಟಿಯ ಜೊತೆ ಇಡಿ. ಸೇನೆಯ ಮಂಡಳಿ ಕೇಳುತ್ತದೆ ಎಂದಷ್ಟೇ ಅಲ್ಲ. ಅರವತ್ತರ ಮೇಲೆ ಪೊರೆ ಬಂದಾಗ ಒಳಗೆ ಕೂರಿಸುವ ಲೆನ್ಸಿನ ಪವರ್ ಲೆಕ್ಕ ಹಾಕಲು ಅವೇ ಕಾಗದ ಬೇಕಾಗುತ್ತದೆ, ಲೇಸರ್ ಆದ ಕಣ್ಣಿನಲ್ಲಿ ಮಾಮೂಲಿ ಲೆಕ್ಕ ತಪ್ಪುತ್ತದೆ.